ಸಂತನ ಪಾದ

"ಪಾದ ಎಲ್ಲಿ?"

ಹೊಗಳಿಕೆ ಬರುತ್ತದೆಂದು ಕಾದಿದ್ದ, ಚಿತ್ರಗಳಿಗೆ ಕಟ್ಟು ಹಾಕುವವನು ಗಾಜು ಒರೆಸುವುದನ್ನು ನಿಲ್ಲಿಸಿದ. "ಯಾವ ಪಾದ ಅಮ್ಮಾ?"

"ಸಂತಂದು. ನಾನು ತಂದು ಕೊಟ್ಟಾಗ ಇತ್ತಲ್ಲಪ್ಪಾ."

ಇತ್ತು. ರಟ್ಟಿನ ಮೇಲೆ ಬರೆದ ಚಿತ್ರ ಅಂಗಡಿಯಲ್ಲಿದ್ದ ಚೌಕಟ್ಟಿಗಿಂತ ನಾಲ್ಕು ಬೆರಳು ಉದ್ದವಾಗಿತ್ತು. ಹೊಸದು ಕೂಡಿಸಲು ಇವನಿಗೆ ಸೋಮಾರಿತನ. ಮುಖವೇನೋ ಎಂಥ ಮುಖ! ದಣಿದ ಕಣ್ಣು, ಇನ್ನೇನು ನಕ್ಕೇಬಿಡುತ್ತಾನೆ ಎನ್ನುವ ತುಟಿ. ಎರಡು ದಿನ ಕೈಕೆಲಸ ಬಿಟ್ಟು ಬಿಟ್ಟು ನೋಡಿದ್ದ. ಆದರೆ ಪಾದ? ಧೂಳು ಹಿಡಿದು ಬಿರಿದದ್ದು. ಎಡಗಾಲಿನಲ್ಲಂತೂ ಪಕ್ಕದ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು. 'ಪಾಪ, ಕಾಲು ಬರೆಯೋಕೆ ಬರಲ್ಲ ಇವನಿಗೆ' ಎಂದು ನಕ್ಕು ಅಲಗು ಎಳೆದು ಕತ್ತರಿಸಿದ್ದ. ಚಿತ್ರಕ್ಕೆ ಉಪಕಾರವನ್ನೇ ಮಾಡಿದೆ ಅಂದುಕೊಂಡಿದ್ದ, ಮಹಾಶಯ.

"ಅಲ್ಲಿ ಹುಳ ಹಿಡಿದಿತ್ತಮ್ಮಾ. ಬಿಟ್ಟಿದ್ರೆ ಇಡೀ ಚಿತ್ರ ಹೋಗ್ತಿತ್ತು."

ಸುಳ್ಳು ಸಲೀಸಾಗಿ ಬಂತು. ಮುದುಕಿ ನಂಬಿಯೂ ಬಿಟ್ಟಳು.

"ಹೌದಾ? ಉಳಿಸಿಕೊಟ್ಟೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ನಮ್ಮ ಯಜಮಾನ್ರು ಬರೆದಿದ್ದು ಇದೊಂದೇ. ಮುಖ ಎರಡೇ ದಿನದಲ್ಲಿ ಮುಗಿಸಿದ್ರು, ಪಾದಕ್ಕೆ ಮೂರು ತಿಂಗಳು! ಆಮೇಲೆ ದಿನಾ ಅದನ್ನ ಮುಟ್ಟೇ ಕೆಲಸಕ್ಕೆ ಹೋಗೋರು. ನನಗೋ ನಗು ತಡೆಯೋಕಾಗ್ತಿರಲಿಲ್ಲ. ಆ ತುಂಡಾದ್ರೂ ಇದೆಯೇನಪ್ಪಾ? ಹುಳ ಹಿಡಿದಿದ್ರೂ ಪರವಾಗಿಲ್ಲ."

ತುಂಡು ಇತ್ತು. ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದ.

"ಇರಿ, ನೋಡ್ತೀನಿ," ಎಂದು ಮಂಡಿಯೂರಿ ಮೇಜಿನಡಿ ತೂರಿದ. ಎಳೆದಾಗ ಮೇಜು ವಾಲಿತು. ಅಂಗೈಯಲ್ಲಿ ಧೂಳು ಒರೆಸಿದ. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ತಲೆಯೆತ್ತಿದರೆ, ಒಂದು ಮೊಳ ದೂರದಲ್ಲಿ, ಸವೆದ ಚಪ್ಪಲಿಯಲ್ಲಿ ಮುದುಕಿಯ ಪಾದ. ಬಿರಿದ ಚರ್ಮ. ಎಡಗಾಲಿನ ಹೆಬ್ಬೆರಳ ಮೇಲೆ ಹತ್ತಿ ಕೂತ ಪಕ್ಕದ ಬೆರಳು.

ಅವನು ಕೈಯಲ್ಲಿದ್ದುದನ್ನು ನೋಡಿದ. ಮತ್ತೆ ಮುದುಕಿಯ ಪಾದ ನೋಡಿದ.

"ಸಿಕ್ತಾ?" ಮೇಲಿನಿಂದ ಕೇಳಿತು.

ಯಾವ ಮುಖ ಹೊತ್ತು ಮೇಲೇಳುವುದು?

"ಹುಳ ಇರಲಿಲ್ಲಮ್ಮಾ," ಅಲ್ಲಿಂದಲೇ ಹೇಳಿದ. "ಸುಳ್ಳು ಹೇಳ್ದೆ. ಚೆನ್ನಾಗಿಲ್ಲ ಅಂತ ನಾನೇ ಕತ್ತರಿಸಿದ್ದು."

ಅವನ ಕಣ್ಣೆದುರೇ ಪಾದಗಳು ಮೆಲ್ಲಗೆ ಹಿಂದೆ ಸರಿದವು. ಬಲಗಾಲು ಎಡಗಾಲಿನ ಬೆರಳುಗಳನ್ನು ಮುಚ್ಚಿಕೊಂಡಿತು.