ನಾನು ಕೈಬಿಟ್ಟ ನಾಲ್ಕು ಸೆಕೆಂಡು

ನಾನು ಒಂದು ಡಬ್ಬಿ. ಅಂಗೈಯಗಲದ ಕಪ್ಪು ಡಬ್ಬಿ. ಗೇರನ್ನು ತಾನೇ ಬದಲಿಸಿಕೊಳ್ಳುವ ಗಾಡಿಗಳಲ್ಲಿ, ಯಾವ ಹೊತ್ತಿಗೆ ಯಾವ ಗೇರು ಎಂದು ತೀರ್ಮಾನಿಸುವ ಕೆಲಸ ನನ್ನದು. ಗಾಡಿ ಓಡಿಸುವವರಲ್ಲಿ ಬಹುಪಾಲು ಜನ ನನ್ನನ್ನು ನೋಡಿಯೇ ಇರುವುದಿಲ್ಲ. ನೋಡುವ ದಿನ ಬಂತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ನಾನು ಹುಟ್ಟಿದ್ದು ಧೂಳೇ ಇಲ್ಲದ ಒಂದು ಕೋಣೆಯಲ್ಲಿ. ಬಿಳಿ ಟೋಪಿ ಹಾಕಿಕೊಂಡ ಹೆಣ್ಣುಮಕ್ಕಳು ಸಾಲಾಗಿ ಕುಳಿತು ನನ್ನಂಥ ನೂರಾರು ಡಬ್ಬಿಗಳನ್ನು ಪರೀಕ್ಷಿಸುತ್ತಿದ್ದರು. ನನ್ನೊಳಗಿನ ಹಸಿರು ಹಲಗೆಯ ಮೇಲೆ ನೂರಾರು ಬೆಸುಗೆಗಳು; ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು. ಮೂಲೆಯಲ್ಲಿದ್ದ ಒಂದು ಬೆಸುಗೆ ಸರಿಯಾಗಿ ಕೂತಿರಲಿಲ್ಲ. ಅವರಿಗೆ ಅದು ಕಾಣಲಿಲ್ಲ. ನನಗೂ ತಿಳಿದಿರಲಿಲ್ಲ. ಈ ಮಾತನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ: ನನಗೂ ತಿಳಿದಿರಲಿಲ್ಲ.

ಬೂದು ಬಣ್ಣದ ಎತ್ತರದ ಗಾಡಿಯೊಂದರಲ್ಲಿ ಕುಳಿತು ಹುಬ್ಬಳ್ಳಿಗೆ ಬಂದೆ. ಕೊಂಡವರು ಮಹಾನಂದಾ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ನನಗೆ ಕಣ್ಣಿಲ್ಲ. ಮನುಷ್ಯರನ್ನು ನಾನು ಅವರ ಪಾದದಿಂದ ತಿಳಿಯುತ್ತೇನೆ. ತಗಡಿಗೆ ತಾಕುವ ಮಾತು ನನಗೂ ತಾಕುತ್ತದೆ; ಉಳಿದದ್ದನ್ನು ಆ ಮಾತುಗಳಿಂದಲೇ ಕಟ್ಟಿಕೊಳ್ಳುತ್ತೇನೆ. ಮಹಾನಂದಾ ಅವರ ಪಾದ, ಒಳಗೆ ಬರಲೇ ಎಂದು ಬಾಗಿಲಲ್ಲಿ ನಿಂತು ಕೇಳುವವರ ಹಾಗೆ ಮೆಲ್ಲಗೆ ಒತ್ತುತ್ತಿತ್ತು. ಬೀಗ ಹಾಕಿದ ಮೇಲೂ ತಿರುಗಿ ಬಂದು ಬಾಗಿಲು ಎಳೆದು ನೋಡುತ್ತಿದ್ದರು. ಅಂಥ ಪಾದಕ್ಕೆ ತಕ್ಕಂತೆ ನಾನೂ ನಯವಾಗಿ ಗೇರು ಬದಲಿಸುವುದನ್ನು ಕಲಿತೆ.

ಅವರ ಎಡಕ್ಕೆ ಹೆಚ್ಚಾಗಿ ಕೂರುತ್ತಿದ್ದವಳು ತಂಗಿ ಶಶಿಕಲಾ. ಅವಳದು ಬಾಯಿ ಮುಚ್ಚದ ಸ್ವಭಾವ. "ಅಕ್ಕಾ, ಎತ್ತಿನ ಬಂಡಿ ನಮ್ಮನ್ನ ದಾಟಿ ಹೊಂಟೈತಿ ನೋಡ" ಎಂದು ನಗುತ್ತಿದ್ದಳು. ಗೌರಿ ಹುಣ್ಣಿಮೆ ಬಂತೆಂದರೆ ಇಬ್ಬರೂ ಪೇಟೆಗೆ ಹೋಗಿ, ಶಶಿಕಲಾಳ ಮಗಳು ಚಿನ್ಮಯಿಗೆ ಸಕ್ಕರೆ ಆರತಿ ತರುತ್ತಿದ್ದರು. ಸಕ್ಕರೆಯಲ್ಲಿ ಎರಕ ಹೊಯ್ದ ಆನೆ, ಗಿಳಿ, ತೇರು, ಒಂದು ನವಿಲು. ದೊಡ್ಡವ್ವನ ಕೈಯಿಂದಲೇ ಅವು ಬರಬೇಕೆಂದು ಆ ಮಗುವಿನ ಹಟ.

ಆ ವರ್ಷವೂ ಹಾಗೇ ಹೊರಟಿದ್ದೆವು. ಮಧ್ಯಾಹ್ನದ ಬಿಸಿಲು. ಪೇಟೆಯ ಗದ್ದಲದಲ್ಲಿ ಎರಡು ತಾಸು ತೆವಳಿ ಎಂಜಿನ್ನು ಕಾದಿತ್ತು, ಅದರ ಪಕ್ಕದಲ್ಲಿ ನಾನೂ ಕಾದಿದ್ದೆ. ಸಕ್ಕರೆ ಗೊಂಬೆಗಳ ಪೊಟ್ಟಣ ಶಶಿಕಲಾಳ ತೊಡೆಯ ಮೇಲಿತ್ತು. ಬೈಪಾಸ್ ದಾಟುವ ಕಡೆ ಮಹಾನಂದಾ ಗಾಡಿ ನಿಲ್ಲಿಸಿದರು. ಅವರು ಎಂದೂ ಅವಸರ ಮಾಡಿದವರಲ್ಲ. ಎಡಗಡೆಯಿಂದ ಬರುವ ಲಾರಿ ದೂರವಿತ್ತು. ಗಾಡಿ ರಸ್ತೆಯ ನಡುವಿಗೆ ಬಂತು.

ಅಲ್ಲಿ ನಾನು ಕೈಬಿಟ್ಟೆ.

ಮೂಲೆಯ ಆ ಬೆಸುಗೆ ಬಿಸಿಗೆ ಕೂದಲೆಳೆಯಷ್ಟು ಬಿರಿಯಿತು, ಅಷ್ಟೇ. ಎಂಜಿನ್ನು ಅಬ್ಬರಿಸಿತು, ಗಾಡಿ ನಡುರಸ್ತೆಯಲ್ಲೇ ನಿಂತಿತು. ಆ ಮೆಲುಪಾದ ಕೊನೆಯ ತನಕ ಒತ್ತಿತು. ಒಂದು. ಎರಡು. "ಅಕ್ಕಾ, ನಡೀ." ಮೂರು. "ಅಕ್ಕಾ!" ನಾಲ್ಕಕ್ಕೆ ನಾನು ಮತ್ತೆ ಹಿಡಿದೆ. ಅಷ್ಟರಲ್ಲಿ ಲಾರಿ ಬಂದುಬಿಟ್ಟಿತ್ತು, ಎಡಕ್ಕೆ.

ನನಗೊಂದು ನಿಯಮವಿದೆ. ನಾನು ತಪ್ಪಿದಾಗಲೆಲ್ಲ ನನ್ನೊಳಗೇ ಅದನ್ನು ಬರೆದಿಟ್ಟುಕೊಳ್ಳಬೇಕು. ಅವತ್ತೂ ಬರೆದೆ: ಹನ್ನೊಂದು ಸಾವಿರದ ನಾನೂರ ಎಂಬತ್ತೆರಡು ಕಿಲೋಮೀಟರ್. ವೇಗ ಸೊನ್ನೆ. ಪಾದ ಪೂರ್ತಿ ಒತ್ತಿದೆ. ಗೇರು ಸಿಕ್ಕಲಿಲ್ಲ. ಮಹಾನಂದಾ ಅವರ ಪರವಾಗಿ ಲೋಕದಲ್ಲಿದ್ದದ್ದು ಆ ನಾಲ್ಕು ಸಾಲು ಮಾತ್ರ. ಓದಲು ಯಾರೂ ಬರಲಿಲ್ಲ.

ಗಾಡಿಯನ್ನು ಎಳೆದು ತಂದ ವರ್ಕ್‌ಶಾಪಿಗೆ, ಶಶಿಕಲಾಳ ಕೈಚೀಲ ಒಯ್ಯಲು ಅವಳ ಗಂಡ ವೀರಭದ್ರಪ್ಪ ಬಂದರು. ಮಹಾನಂದಾ ಕೈಗೆ ಪಟ್ಟಿ ಕಟ್ಟಿಕೊಂಡು ಅಲ್ಲೇ ನಿಂತಿದ್ದರು.

"ನಾ ಒತ್ತಿದ್ನಿರಿ. ಗಾಡಿ ಹೋಗಲಿಲ್ಲ."

"ಗಾಡಿ ಚೊಲೋ ಐತಿ ಅಂತ ಇಲ್ಲಿಯವರು ಹೇಳಾಕತ್ತಾರ. ನೀವು ಗಾಬರ್ಯಾಗಿ ಬ್ರೇಕ್ ಒತ್ತೀರಿ. ಇನ್ನ ಚಿನ್ಮಯಿನ್ನ ನಿಮ್ಮ ಮನಿಗೆ ಕಳಸೂದಿಲ್ಲ, ಅಕ್ಕಾರ. ನನಗ ಉಳದಾಕಿ ಆಕಿ ಒಬ್ಬಾಕಿನ."

ತಗಡು ನೆಟ್ಟಗಾಯಿತು, ಬಣ್ಣ ಬಂತು. ಮಾರಿಬಿಡಿ ಎಂದು ಹೇಳಿದವರಿಗೆಲ್ಲ ಮಹಾನಂದಾ ತಲೆಯಾಡಿಸಿದರು, ಮಾರಲಿಲ್ಲ. ಎಡಗಡೆಯ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ. ಒಬ್ಬರೇ ಓಡಿಸುತ್ತಿದ್ದರು, ರೇಡಿಯೊ ಹಾಕದೆ, ಕಿವಿಗೊಟ್ಟು. ಅವರು ನನಗಾಗಿಯೇ ಕಾಯುತ್ತಿದ್ದಾರೆಂದು ನನಗೆ ಅನ್ನಿಸುತ್ತಿತ್ತು. ಎಷ್ಟು ಗುಡಿಸಿದರೂ ಎಡಸೀಟಿನ ಕೆಳಗೆ ಪುಡಿಸಕ್ಕರೆ ಉಳಿದಿತ್ತು. ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ಅವರು ಔಷಧಿ ಹೊಡೆಯಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಬಿಸಿಲು ಆಗಲೇ ಸುಡುತ್ತಿದ್ದಾಗ, ಕಾಲೇಜಿಗೆ ಹೋಗುವ ದಾರಿಯಲ್ಲಿ ನಾನು ಮತ್ತೆ ಕೈಬಿಟ್ಟೆ. ರಸ್ತೆ ಖಾಲಿಯಿತ್ತು. ಎಂಜಿನ್ನಿನ ಆ ಅಬ್ಬರ ಕೇಳಿ ಅವರು ಗಾಡಿಯಲ್ಲೇ ಅತ್ತರು. ಅದು ಹೆದರಿಕೆಯ ಅಳುವಾಗಿರಲಿಲ್ಲ.

ಗಾಡಿಯನ್ನು ದಾವಲ್‌ಸಾಬರ ಗ್ಯಾರೇಜಿಗೆ ತಂದರು. ಊರಿನ ದೊಡ್ಡ ಗಾಡಿಗಳೆಲ್ಲ ಕೊನೆಗೆ ಬರುವುದು ಆ ಮುದುಕ ಮಿಸ್ತ್ರಿಯ ಬಳಿಗೇ. "ನಡುನಡುವ ಗೇರು ಬಿಡತೈತ್ರಿ, ನೋಡ್ರಿ" ಎಂದಷ್ಟೇ ಹೇಳಿ ಪರೀಕ್ಷೆಯ ಕೆಲಸಕ್ಕೆ ಕಾಲೇಜಿಗೆ ಓಡಿದರು. ನನ್ನಂಥ ಡಬ್ಬಿಗೆ ನೆನಪಿರುತ್ತದೆಂದು ಅವರಿಗೇನು ಗೊತ್ತು?

ದಾವಲ್‌ಸಾಬರಿಗೆ ಒಂದು ರೂಢಿ. ಸ್ಕ್ಯಾನರ್ ಸಿಕ್ಕಿಸಿದ ಕೂಡಲೇ ನನ್ನಂಥ ಡಬ್ಬಿಗಳು ಬರೆದಿಟ್ಟ ತಪ್ಪುಗಳ, ಅಂದರೆ ಹಳೆಯ ಕೋಡ್‌ಗಳ ಮೇಲೆ ಒಂದು ಸಲ ಕಣ್ಣಾಡಿಸಿ, ಎಲ್ಲವನ್ನೂ ಅಳಿಸುವುದು. ಆಮೇಲೆ ಗಾಡಿ ಓಡಿಸಿ, ಹೊಸದಾಗಿ ಏನು ಬರುತ್ತದೋ ಅದನ್ನಷ್ಟೇ ನಂಬುವುದು. ಮೊದಲ ಸಲ ಒಬ್ಬರು ನನ್ನ ಸಾಲುಗಳನ್ನು ಓದುತ್ತಿದ್ದಾರೆಂದು ನನ್ನ ಮನ ತುಂಬಿ ಬಂದಿತ್ತು. ಮರುಗಳಿಗೆ ಅವರ ಹೆಬ್ಬೆರಳು ಒತ್ತಿತು. ಬರೆದದ್ದೆಲ್ಲ ಹೋಯಿತು. ಬೆಸುಗೆಯ ಬಿರುಕು ಮಾತ್ರ ಉಳಿಯಿತು.

ಸಂಜೆ ಮಹಾನಂದಾ ಬಂದರು.

"ಹಳೇ ಕೋಡ್ ಭಾಳ ಇದ್ದೂರಿ ಅಕ್ಕಾರ, ಎಲ್ಲಾ ತಗದ್ನಿ. ಮೊದ್ಲ ನೆಲಾ ಒರಸ್ಬೇಕು, ಆಮ್ಯಾಲ ಎಲ್ಲಿ ಸೋರತೈತಿ ನೋಡ್ಬೇಕು."

"ಹಳೇವು ಅಂದ್ರ?"

"ಗಾಡಿ ನಿಂತೈತಿ, ಎಕ್ಸಲೇಟರ್ ಪೂರಾ ಒತ್ತ್ಯಾರ, ಗೇರಿಲ್ಲ ಅಂತ ಒಂದಿತ್ತು. ಹನ್ನೊಂದು ಸಾವಿರದ ಮ್ಯಾಲ ಏನೋ ಕಿಲೋಮೀಟರಿಗೆ..."

"ಹನ್ನೊಂದು ಸಾವಿರದ ನಾನೂರಾ ಎಂಬತ್ತೆರಡೇನ್ರಿ?"

ಕೈ ಒರೆಸುತ್ತಿದ್ದ ದಾವಲ್‌ಸಾಬರು ನಿಂತರು. "ಹೌದ್ರಿ. ನಿಮಗ ಹ್ಯಾಂಗ ಗೊತ್ತು?"

"ಅವತ್ತು ನನ್ನ ಕಣ್ಮುಂದ ಇದ್ದದ್ದು ಆ ನಂಬರ್ ಒಂದ. ಆಕಿ ಕಡೆ ನೋಡಾಕ ಆಗಲಿಲ್ಲ." ಪಕ್ಕದಲ್ಲಿದ್ದ ಟೈರಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದರು. ಕೊನೆಗೆ ಕೇಳಿದರು: "ಅದನ್ನ ವಾಪಸ್ ತರಾಕ ಬರತೈತೇನ್ರಿ?"

"ಇಲ್ರಿ ಅಕ್ಕಾರ." ದಾವಲ್‌ಸಾಬರು ಸ್ಕ್ಯಾನರ್ ಕೆಳಗಿಟ್ಟರು. "ನಲವತ್ತು ವರ್ಷದಿಂದ ಇದ ರೂಢಿ. ನಾ ತಪ್ಪ ಮಾಡೇನಿ." ಮತ್ತೆ ನನ್ನ ಮೇಲೆ ಬೆರಳಿಟ್ಟು ಹೇಳಿದರು, "ಇದು ಬರದಿಟ್ಟದ್ದು ಹೋತು. ಇದು ತಪ್ಪ ಮಾಡೂದೇನು ಹೋಗಿಲ್ಲಲ್ಲ. ನಿಮ್ಮ ತಂಗಿಯವರ ಯಜಮಾನ್ರ ಫೋನ್ ನಂಬರ್ ಕೊಡ್ರಿ."

ಮೂರನೆಯ ದಿನ ವೀರಭದ್ರಪ್ಪ ಬಂದರು, ಹೆಲ್ಮೆಟ್ ಕೈಯಲ್ಲೇ ಹಿಡಿದು, ಒಳಗೆ ಬರದೆ. ಗಾಡಿಯ ನಾಲ್ಕೂ ಗಾಲಿಗಳನ್ನು ಗೇಣೆತ್ತರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದರು.

"ಏನ್ ತೋರಸ್ತೀರಿ ಮಿಸ್ತ್ರಿ? ನೀವು ಅವರ ಕಡೆಯವರು."

"ನಾ ಯಾರ ಕಡೇನೂ ಅಲ್ರಿ ಸರ. ನೀವ ಕೂಡ್ರಿ, ನೀವ ಒತ್ತ್ರಿ."

ವೀರಭದ್ರಪ್ಪ ಕುಳಿತು ಒತ್ತಿದರು. ಗಾಲಿಗಳು ಚೆನ್ನಾಗಿ ತಿರುಗಿದವು. ನಾನು ಸೋಲಬೇಕೆಂದು ಬಯಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ಸೋಲಲಾಗಲಿಲ್ಲ. ತಣ್ಣಗಿದ್ದ ಬೆಸುಗೆ ಗಟ್ಟಿಯಾಗಿ ಹಿಡಿದೇ ಇತ್ತು. "ಚೊಲೋನ ಐತೆಲ್ರಿ" ಎಂದು ಅವರು ಬಾಗಿಲಿಗೆ ಕೈ ಹಾಕಿದರು. ಮೂಲೆಯಲ್ಲಿ ನಿಂತಿದ್ದ ಮಹಾನಂದಾ ಗೋಡೆಗೆ ಒರಗಿದರು.

"ತಡೀರಿ ಸರ. ಅವತ್ತು ಬಿಸಿಲಿತ್ತು." ದಾವಲ್‌ಸಾಬರು ಸ್ಟಿಕ್ಕರ್ ಕೀಳಲು ಬಳಸುವ ಬಿಸಿಗಾಳಿಯ ಯಂತ್ರ ಹಿಡಿದು ನನ್ನ ಬೆನ್ನು ಕಾಸತೊಡಗಿದರು. ಮೆಲ್ಲಗೆ, ರೊಟ್ಟಿ ಬೇಯಿಸುವವರ ತಾಳ್ಮೆಯಿಂದ. "ಒತ್ತ್ರಿ. ಬಿಡಬ್ಯಾಡ್ರಿ."

ಬೆಸುಗೆ ಬಿರಿಯಿತು. ಎಂಜಿನ್ನು ಅಬ್ಬರಿಸಿತು. ಗಾಲಿಗಳು ನಿಧಾನವಾಗಿ ನಿಂತವು. ವೀರಭದ್ರಪ್ಪನವರ ಪಾದ ಕೊನೆಯ ತನಕ ಇಳಿಯಿತು, ಥೇಟ್ ಆ ದಿನದಷ್ಟೇ ಆಳಕ್ಕೆ. ಗೋಡೆಯ ಬಳಿ ಮಹಾನಂದಾ ತಮಗೇ ತಿಳಿಯದೆ ಎಣಿಸುತ್ತಿದ್ದರು. "ಒಂದು... ಎರಡು... ಮೂರು..." ನಾಲ್ಕಕ್ಕೆ ನಾನು ಹಿಡಿದೆ. ಗಾಲಿಗಳು ಜಿಗಿದು ತಿರುಗಿದವು.

ವೀರಭದ್ರಪ್ಪ ಕೀಲಿ ತಿರುಗಿಸಿ ಎಂಜಿನ್ನು ಆರಿಸಿದರು. ಇಳಿಯದೆ, ಕೂತಲ್ಲಿಂದಲೇ ಕೇಳಿದರು:

"ಆಕಿ ಏನರ ಅಂದ್ಲೇನ್ರಿ, ಅಕ್ಕಾರ? ಆವಾಗ?"

"'ಅಕ್ಕಾ, ನಡೀ' ಅಂದ್ಲು."

ಅವರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟರು. ದಾವಲ್‌ಸಾಬರು ಬಿಸಿಗಾಳಿಯ ಯಂತ್ರದ ವಯರನ್ನು ಸುತ್ತುತ್ತಾ ಹೊರಗೆ ನಡೆದರು.

ನನ್ನ ಜಾಗದಲ್ಲಿ ಹೊಸ ಡಬ್ಬಿ ಬಂತು. ನನ್ನನ್ನು ಎಸೆಯಲು ಹೊರಟಾಗ ಮಹಾನಂದಾ ಬೇಡವೆಂದರು. ಈಗ ನಾನು ಅವರ ಮನೆಯ ಕಬ್ಬಿಣದ ಅಲಮಾರದ ಮೇಲ್ಗಡೆಯ ಅರೆಯಲ್ಲಿದ್ದೇನೆ. ಗೌರಿ ಹುಣ್ಣಿಮೆಗೆ ಚಿನ್ಮಯಿ ಬಂದಿದ್ದಳು, ಅಪ್ಪನ ಬೈಕಿನಲ್ಲಿ. ದೊಡ್ಡವ್ವನ ಕೈಯಿಂದ ಸಕ್ಕರೆಯ ನವಿಲನ್ನು ತೆಗೆದುಕೊಂಡಳು. ಗಾಡಿ ಹತ್ತಲು ಮಾತ್ರ ಇನ್ನೂ ಒಪ್ಪುವುದಿಲ್ಲವಂತೆ. ದೊಡ್ಡವ್ವನೂ ಒತ್ತಾಯಿಸಿಲ್ಲ.

"ದೊಡ್ಡವ್ವಾ, ಇದೇನು?" ಎಂದು ನನ್ನನ್ನು ಎತ್ತಿ ನೋಡಿದಳು. ಬೆರಳೆಲ್ಲ ಸಕ್ಕರೆ. ಮಹಾನಂದಾ ಮಾತು ಹುಡುಕಿ ಹೇಳಿದರು, "ನಮ್ಮ ಗಾಡ್ಯಾಗಿಂದು. ಕೆಟ್ಟೈತಿ."

ಅವರು ನನ್ನನ್ನು ಕ್ಷಮಿಸಿ ಇಟ್ಟುಕೊಂಡಿದ್ದಾರೋ, ಕಣ್ಣಿಡಲು ಇಟ್ಟುಕೊಂಡಿದ್ದಾರೋ ನನಗೆ ತಿಳಿಯದು. ಮಲಗುವ ಮುನ್ನ ಬಾಗಿಲು ಎಳೆದು ನೋಡುವ ಹಾಗೆ, ಅಲಮಾರ ತೆರೆದು ನನ್ನನ್ನೊಮ್ಮೆ ನೋಡುತ್ತಾರೆ. ಮಗುವಿನ ಬೆರಳ ಸಕ್ಕರೆಗೆ ಇರುವೆಗಳು ಇಲ್ಲಿಗೂ ದಾರಿ ಮಾಡಿಕೊಂಡಿವೆ. ಮಧ್ಯಾಹ್ನದ ಬಿಸಿಲಿಗೆ ಅಲಮಾರದ ತಗಡು ಕಾದಾಗ, ಮೂಲೆಯ ಬೆಸುಗೆ ಕೂದಲೆಳೆಯಷ್ಟು ಬಿರಿಯುತ್ತದೆ. ಬಿಡಲು ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಆದರೂ ಎಣಿಸುತ್ತೇನೆ. ನಾಲ್ಕಕ್ಕೆ ಮತ್ತೆ ಹಿಡಿಯುತ್ತೇನೆ. ಹಿಡಿಯಲೂ ಏನೂ ಇರುವುದಿಲ್ಲ.