ಬೆರಳು ಹಿಡಿಸುವಷ್ಟು ಜಾಗ

ಮಾಳಮ್ಮನ ಕೆಲಸ ಕೂಸುಗಳಿಗೆ ಎರೆಯುವುದು. ಹರಪನಹಳ್ಳಿಯ ಅವಳ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಬಾಣಂತಿ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಬಚ್ಚಲೊಲೆಗೆ ಬೆಂಕಿ ಹಾಕಿ ಮಾಳಮ್ಮನಿಗೆ ಹೇಳಿಕಳಿಸುತ್ತಿದ್ದರು. ಅವಳು ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ, ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡಳೆಂದರೆ, ಚೀರಿ ಅಳುವ ಕೂಸೂ ಯಾವುದೋ ಯೋಚನೆಗೆ ಬಿದ್ದಂತೆ ಸುಮ್ಮನಾಗುತ್ತಿತ್ತು. ಎಣ್ಣೆ ಹಚ್ಚಿ, ನೀರು ಹುಯ್ದು, ಕೊನೆಗೆ ಎರಡೂ ಅಂಗೈಗಳನ್ನು ಬೋಗುಣಿಯಂತೆ ಮಾಡಿ ತಲೆಯನ್ನು ಸುತ್ತಲಿಂದ ಮೆಲ್ಲಗೆ ಒತ್ತುತ್ತಿದ್ದಳು. ತಲೆ ದುಂಡಗಾಗುವುದು ಅದರಿಂದಲೇ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಬೇಸಿಗೆಯಲ್ಲಿ ಓಣಿಯ ಮಕ್ಕಳು ತಲೆ ಬೋಳಿಸಿಕೊಂಡು ಓಡಾಡುವಾಗ ಮಾಳಮ್ಮ ಕಟ್ಟೆಯ ಮೇಲೆ ಕೂತು, "ಎಲ್ಲಾ ನನ್ನ ಕೈಯಾಗಿನ ತಲಿ" ಎನ್ನುತ್ತಿದ್ದಳು. ಅದರಲ್ಲಿ ಜಂಬವಿತ್ತು. ಇರಲಿ ಬಿಡು ಎಂದು ಎಲ್ಲರೂ ಒಪ್ಪಿಕೊಂಡಿದ್ದ ಜಂಬ.

ಅಂಥವಳ ಮೊಮ್ಮಗಳ ತಲೆಯೇ ಸೊಟ್ಟಗಾಯಿತು.

ಮಾಳಮ್ಮನ ಮಗ ಕ್ರಾಂತಿಕುಮಾರ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಸೊಸೆ ರೇಖಾ ನೀಲಗುಂದದ ಶಾಲೆಯಲ್ಲಿ ಟೀಚರ್. ರೇಖಾಳಿಗೆ ತವರಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ಎಂದು ಮೊದಲೇ ತೀರ್ಮಾನವಾಗಿತ್ತು. ಆದರೆ ಎಂಟು ತಿಂಗಳು ತುಂಬುವ ಮೊದಲೇ ನೋವು ಬಂದು, ದಾವಣಗೆರೆಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಒಂದು ಅಂಗೈ ಮೇಲೆ ಮಲಗಿಸಬಹುದಾದಷ್ಟು ಸಣ್ಣದು. ಹಲವು ವಾರ ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ನಳಿಕೆ ಹಾಕಿಸಿಕೊಂಡು, ಹೆಚ್ಚಿನ ಹೊತ್ತೆಲ್ಲ ಬಲಕ್ಕೇ ಮುಖ ಮಾಡಿ ಮಲಗಿತ್ತು. ಉಳಿದರೆ ಸಾಕು ಎನ್ನುವ ದಿನಗಳು ಅವು. ಕೂಸು ಯಾವ ಕಡೆ ಮುಖ ಮಾಡಿದೆ ಎಂದು ಯಾರು ನೋಡುತ್ತಾರೆ? ಉಳಿಯಿತು. ಮೈತ್ರಿ ಎಂದು ಹೆಸರಿಟ್ಟರು.

ಮನೆಗೆ ಬಂದ ಮೇಲೂ, ತೂಕ ಏರುವತನಕ ಎರೆಯಬೇಡಿ ಎಂದು ಡಾಕ್ಟರು ಹೇಳಿದ್ದರು. ಊರಿನ ಕೂಸುಗಳಿಗೆಲ್ಲ ಎರೆದವಳು ತನ್ನ ಮನೆಯ ಕೂಸನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತ ಕಾಯ್ದಳು. ಕೊನೆಗೊಂದು ದಿನ ಅಪ್ಪಣೆ ಸಿಕ್ಕಿತು. ಮಾಳಮ್ಮ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಲೆಯ ಹಿಂದೆ ಕೈ ಒಯ್ದಳು. ಹಿಂದೆ, ಬಲಗಡೆ, ತಲೆ ಇರಬೇಕಾದಲ್ಲಿ ತಲೆ ಇರಲಿಲ್ಲ. ಅಂಗೈ ಹಲಗೆಯನ್ನು ಮುಟ್ಟಿದಂತೆ ಚಪ್ಪಟೆಯಾಗಿ ನಿಂತಿತು. ಎಡಗಡೆ ಉಬ್ಬಿತ್ತು. ಬಲಗಿವಿ ಎಡಗಿವಿಗಿಂತ ಒಂಚೂರು ಮುಂದಕ್ಕೆ ಬಂದಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಸಾಸಿವೆ ತುಂಬಿದ ಸಣ್ಣ ದಿಂಬು ಹೊಲಿದಳು. ದಿನಾ ಎಣ್ಣೆ ಹಚ್ಚಿ ಅಂಗೈಯಲ್ಲಿ ಹಿಡಿದಳು. ಎಡಕ್ಕೆ ಮುಖ ಮಾಡಿ ಮಲಗಿಸಿದರೆ ಮೈತ್ರಿ ಕಣ್ಣು ತೆರೆಯುವ ಮೊದಲೇ ಬಲಕ್ಕೆ ಹೊರಳುತ್ತಿದ್ದಳು. ತಿಂಗಳುಗಳು ಹೋದವು. ತಲೆ ಹಾಗೇ ಇತ್ತು.

ಸೂಜಿ ಹಾಕಿಸಲು ಹೋದಾಗ ಡಾಕ್ಟರು ಕೂಸನ್ನು ನೆತ್ತಿಯ ಕಡೆಯಿಂದ ನೋಡಿ, ದಾವಣಗೆರೆಗೆ ಕಳಿಸಿದರು. ದಾವಣಗೆರೆಯವರು ತಲೆಯ ಮೂಳೆಗಳ ಕೂಡುಗೆಗಳನ್ನು ಪರೀಕ್ಷಿಸಿ, ಅವು ಮುಚ್ಚಿಲ್ಲ, ಬುದ್ಧಿಗೂ ಜೀವಕ್ಕೂ ಏನೂ ತೊಂದರೆಯಿಲ್ಲ ಎಂದರು. ಒಂದೇ ಕಡೆ ಮಲಗಿ ಕುತ್ತಿಗೆಯ ಸ್ನಾಯು ಬಿಗಿದಿದೆ, ಅದಕ್ಕೇ ಬಲಕ್ಕೆ ತಿರುಗುತ್ತಾಳೆ ಎಂದು ಕುತ್ತಿಗೆಯ ವ್ಯಾಯಾಮ ಹೇಳಿಕೊಟ್ಟರು. ಎಚ್ಚರವಿದ್ದಾಗ ಹೊಟ್ಟೆಯ ಮೇಲೆ ಮಲಗಿಸಿರಿ, ದಿಂಬು ತೆಗೆಯಿರಿ ಎಂದರು. ರೇಖಾ ರಜೆ ಮುಂದುವರಿಸಿ, ಹೇಳಿದ್ದನ್ನೆಲ್ಲ ಮಾಡಿದಳು. ಕುತ್ತಿಗೆ ಸಡಿಲಾಯಿತು, ಮೈತ್ರಿ ಎರಡೂ ಕಡೆ ತಿರುಗಿ ನೋಡತೊಡಗಿದಳು. ತಲೆಯ ಸೊಟ್ಟು ಮಾತ್ರ ಬಹಳಷ್ಟು ಹಾಗೇ ಉಳಿಯಿತು. ಬೆಂಗಳೂರಿನಲ್ಲಿ ಕೂಸಿನ ಅಳತೆಗೆ ಹೆಲ್ಮೆಟ್ ಮಾಡಿಕೊಡುತ್ತಾರೆ, ಹಾಕಿಸುವುದಾದರೆ ಈಗಲೇ ಹಾಕಿಸಬೇಕು ಎಂದರು ದಾವಣಗೆರೆಯ ಡಾಕ್ಟರು.

"ಹೆಲ್ಮೆಟ್?" ಎಂದಳು ಮಾಳಮ್ಮ. "ಕೂಸಿಗೆ?"

"ಹ್ಞೂಂ ಅತ್ತಿ. ಇಡೀ ದಿನ ಹಾಕ್ಕೊಂಡಿರಬೇಕಂತ. ಎರಿಯೂ ಹೊತ್ತು ಒಂದು ತಾಸು ಅಷ್ಟ ತೆಗೀಬೇಕಂತ," ಎಂದಳು ರೇಖಾ.

"ನನ್ನ ಕೈಯಾಗ ಆಗದ್ದು ಪ್ಲಾಸ್ಟಿಕ್ ಡಬ್ಬಿಯಿಂದ ಆಗ್ತೈತೇನು? ಓಣ್ಯಾಗ ಏನಂತ ಹೇಳ್ಲಿ? ಮಾಳಮ್ಮನ ಮೊಮ್ಮಗಳ ತಲಿ ನೆಟ್ಟಗ ಮಾಡಾಕ ಬೆಂಗಳೂರಿನವರು ಬರಬೇಕಾತು ಅಂತ ಹೇಳ್ಲೇನು?"

ಕೂಸಿನ ಬಟ್ಟೆ ಮಡಚುತ್ತಿದ್ದ ರೇಖಾ ಅದನ್ನು ಪಕ್ಕಕ್ಕಿಟ್ಟಳು. "ಅತ್ತಿ, ನಾನು ಆ ಗಾಜಿನ ಹೊರಗ ನಿಂತು ಅಕಿ ಎದಿ ಏರೂದು ಇಳಿಯೂದು ನೋಡ್ತಿದ್ದೆ. ಅದೊಂದ ನೋಡ್ತಿದ್ದೆ. ತಲಿ ಯಾವ ಕಡಿ ಐತಿ ಅಂತ ಒಂದು ದಿನಾನೂ ನೋಡಲಿಲ್ಲ. ಈಗ ದಿನಾ ಅದನ್ನ ನೆನಸಿ ಅಳ್ತೀನಿ. ಡಾಕ್ಟ್ರು ಯಾರ ತಪ್ಪೂ ಅಲ್ಲ ಅಂತಾರ. ನಿಮ್ಮ ಕೈದೂ ಅಲ್ಲ, ನಂದೂ ಅಲ್ಲ. ಆದ್ರ ತಲಿ ಬೆಳಿಯೂ ಕಾಲ ದಾಟಿಬಿಟ್ರ ಆಮ್ಯಾಲ ಯಾರ ಕೈಲೂ ಆಗಂಗಿಲ್ಲಂತ. ನೀವೂ ಬರ್ರಿ. ನೀವಿಲ್ದ ಅಕಿ ಮಲಗಂಗಿಲ್ಲ."

ಮಾಳಮ್ಮ ಎದ್ದು ಒಳಗೆ ಹೋದಳು. ಮರುದಿನ ಬೆಳಿಗ್ಗೆ ತನ್ನದೊಂದು ಸೀರೆಯನ್ನೂ ಬೆಂಗಳೂರಿಗೆ ಕಟ್ಟಿದ ಚೀಲದಲ್ಲಿಟ್ಟಳು.

ಬೆಂಗಳೂರಿನಲ್ಲಿ, ಹೆಲ್ಮೆಟ್ ಮಾಡಿಕೊಡುವವರ ಕೋಣೆಯಲ್ಲಿ, ಅಳತೆ ತೆಗೆಯುವ ಹುಡುಗಿ ಮೈತ್ರಿಯ ತಲೆಗೆ ಕಾಲುಚೀಲದಂಥ ಬಿಳಿ ಬಟ್ಟೆ ತೊಡಿಸಿ, ಮಾಳಮ್ಮನ ತೊಡೆಯ ಮೇಲೇ ಕೂರಿಸಿದಳು. ಇಸ್ತ್ರಿಪೆಟ್ಟಿಗೆಯಷ್ಟಿದ್ದ ಯಂತ್ರವೊಂದನ್ನು ಕೈಯಲ್ಲಿ ಹಿಡಿದು ಕೂಸಿನ ಸುತ್ತ ನಿಧಾನವಾಗಿ ಸುತ್ತಿದಳು. ಮುಟ್ಟಲಿಲ್ಲ. ಬೆಳಕು ಮಾತ್ರ ಓಡಾಡಿತು. ಎದುರಿನ ಸ್ಕ್ರೀನಿನ ಮೇಲೆ ಮೊದಲು ಒಂದು ಕಿವಿಯ ಅಂಚು ಮೂಡಿತು, ಆಮೇಲೆ ಹಣೆ, ಆಮೇಲೆ ಇಡೀ ತಲೆ. ಹುಡುಗಿ ಬೆರಳಾಡಿಸಿದಂತೆ ಆ ತಲೆ ತಿರುಗಿತು, ಮೇಲಿಂದ ಕಂಡಿತು, ಹಿಂದಿನಿಂದ ಕಂಡಿತು.

ಆಯುಷ್ಯವೆಲ್ಲ ತಲೆಗಳನ್ನು ಮುಟ್ಟಿದ ಮಾಳಮ್ಮ ಒಂದು ತಲೆಯನ್ನೂ ಹೀಗೆ ನೋಡಿರಲಿಲ್ಲ. ನೋಡಿದ್ದನ್ನು ಅವಳ ಅಂಗೈ ಗುರುತು ಹಿಡಿಯಿತು. ಇಲ್ಲಿ ಚಪ್ಪಟೆ, ಇಲ್ಲಿ ಉಬ್ಬು, ಕಿವಿ ಇಷ್ಟು ಮುಂದೆ. ಅವಳು ಕತ್ತಲಲ್ಲಿ ಮುಟ್ಟಿ ತಿಳಿದಿದ್ದನ್ನು ಯಾರೋ ದೀಪ ಹಚ್ಚಿ ತೋರಿಸಿದಂತಿತ್ತು.

ಕೆಲವು ದಿನ ಬಿಟ್ಟು ಹೆಲ್ಮೆಟ್ ಸಿದ್ಧವಾದಾಗ ಮತ್ತೆ ಹೋದರು. ಹೊರಗೆ ಬಿಳಿ ಪ್ಲಾಸ್ಟಿಕ್, ಒಳಗೆ ಸ್ಪಂಜು, ಪಕ್ಕಕ್ಕೊಂದು ಅಂಟುಪಟ್ಟಿ. ಮಾಳಮ್ಮ ಅದನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಅಷ್ಟು ಹಗುರ ಇರುತ್ತದೆಂದು ಅವಳು ಎಣಿಸಿರಲಿಲ್ಲ.

"ಇದು ಎಷ್ಟು ಒತ್ತತೈತವ್ವ?" ಎಂದು ಕೇಳಿದಳು.

"ಒತ್ತೋದೇ ಇಲ್ಲ ಅಜ್ಜಿ," ಎಂದಳು ಹುಡುಗಿ. "ಉಬ್ಬಿರೋ ಕಡೆ ಸುಮ್ಮನೆ ತಾಗಿಕೊಂಡಿರುತ್ತೆ. ಚಪ್ಪಟೆ ಇರೋ ಕಡೆ ಖಾಲಿ ಜಾಗ ಬಿಟ್ಟಿದ್ದೀವಿ. ಬೆರಳು ಹಾಕಿ ನೋಡಿ."

ಹೆಲ್ಮೆಟ್ ತೊಡಿಸಿದ ಮೇಲೆ ಮಾಳಮ್ಮ ಹಿಂದಿನ ಅಂಚಿನಿಂದ ತೋರುಬೆರಳು ಒಳಗೆ ಹಾಕಿದಳು. ಬೆರಳು ಸಲೀಸಾಗಿ ಹೋಯಿತು. ಅಲ್ಲಿ ಏನೂ ಇರಲಿಲ್ಲ, ಗಾಳಿ ಇತ್ತು.

"ಒತ್ತಲಿಲ್ಲ ಅಂದ್ರ ತಲಿ ಈ ಕಡಿ ಯಾರು ತರ್ತಾರ?"

"ಯಾರೂ ತರಲ್ಲ. ಮಗುವಿನ ಮಿದುಳು ಬೆಳೀತಾ ಇದೆಯಲ್ಲ, ಅದರ ಜೊತೆ ತಲೆನೂ ಬೆಳೆಯುತ್ತೆ. ಜಾಗ ಇರೋ ಕಡೆ ತಾನೇ ಬರುತ್ತೆ."

ಮಾಳಮ್ಮ ಮಗನ ಮುಖ ನೋಡಿದಳು. ಅವನೂ ಅಷ್ಟೇ ಬೆರಗಾಗಿ ನಿಂತಿದ್ದ. ನಂಬಲೇ, ಬಿಡಲೇ ಎಂದು ತಿಳಿಯದೆ ಅವಳು ಬಸ್ಸಿನಲ್ಲಿ ಕೂಸನ್ನು ತಬ್ಬಿಕೊಂಡು ಊರಿಗೆ ಬಂದಳು.

ಮೊದಲ ವಾರ ಎಲ್ಲರಿಗೂ ಕಷ್ಟವಾಯಿತು. ಬೇಸಿಗೆ ಶುರುವಾಗಿತ್ತು. ಮೈತ್ರಿ ಬೆವೆತು ಅತ್ತಳು, ಗೋಡೆಗೆ ತಲೆ ತಿಕ್ಕಿದಳು. ಹೆಲ್ಮೆಟ್ಟಿನ ಒಳಗೆ ಹುಳಿವಾಸನೆ ಬಂತು; ಕ್ರಾಂತಿಕುಮಾರ್ ಅದನ್ನು ದಿನಾ ಒರೆಸಿ ಫ್ಯಾನಿನ ಕೆಳಗೆ ಒಣಗಿಸುತ್ತಿದ್ದ. ಬರಬರುತ್ತ ಕೂಸಿಗೆ ರೂಢಿಯಾಯಿತು. ಅಜ್ಜ ಗಂಗಪ್ಪ ಮೊಮ್ಮಗಳನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಗೆ ಹೋದರೆ ಜನ ಸುತ್ತುಗಟ್ಟುತ್ತಿದ್ದರು. "ಏನ್ ಗಂಗಪ್ಪಣ್ಣ, ಮೊಮ್ಮಗಳಿಗೆ ಬೈಕ್ ಕೊಡಿಸೀಯೇನು?" ಎಂದರೆ, "ಹ್ಞೂಂ, ಲೈಸೆನ್ಸ್ ಒಂದು ಬರೂದೈತಿ" ಎಂದು ಚಹಾ ಊದುತ್ತಿದ್ದ.

ಎರೆಯುವ ಆ ಒಂದು ತಾಸು ಮಾತ್ರ ಮಾಳಮ್ಮನದು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬೆಚ್ಚನೆಯ ನೀರು ಹುಯ್ಯುತ್ತಿದ್ದಳು. ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಒತ್ತುವಂತಿಲ್ಲ. ಎಲ್ಲಾದರೂ ಕೆಂಪು ಕಲೆ ಉಳಿದಿದೆಯೇ ಎಂದು ನೋಡಿ ರೇಖಾಳಿಗೆ ಹೇಳಬೇಕು, ಅಷ್ಟೆ. ಮೊದಮೊದಲು ಅವಳ ಅಂಗೈಗಳು ತಾವಾಗಿಯೇ ಬೋಗುಣಿಯಂತೆ ಬಾಗುತ್ತಿದ್ದವು, ತಡೆದು ತೆಗೆಯುತ್ತಿದ್ದಳು. ಮೈ ಒರೆಸಿ, ಹೆಲ್ಮೆಟ್ ತೊಡಿಸಿ, ಹಿಂದಿನಿಂದ ಬೆರಳು ಹಾಕಿ ನೋಡುತ್ತಿದ್ದಳು. ಜಾಗ ಇತ್ತು. ಮರುದಿನವೂ ಇತ್ತು. ಆ ಹುಡುಗಿ ಸುಮ್ಮನೆ ಸಮಾಧಾನಕ್ಕೆ ಹೇಳಿದಳೇನೋ ಅನಿಸಿತು.

ಒಂದು ಬೆಳಿಗ್ಗೆ ಬೆರಳು ಅರ್ಧಕ್ಕೇ ನಿಂತಿತು.

ಹೆಲ್ಮೆಟ್ ಸೊಟ್ಟಗೆ ಕೂತಿರಬೇಕೆಂದು ತೆಗೆದು ಮತ್ತೆ ತೊಡಿಸಿದಳು. ಮತ್ತೆ ಬೆರಳು ಹಾಕಿದಳು. ಒಳಗಿದ್ದ ಗಾಳಿ ಕಡಿಮೆಯಾಗಿತ್ತು. ಅಲ್ಲಿ ಬೆಚ್ಚಗೆ, ಮೆತ್ತಗೆ, ಸಣ್ಣ ಕೂದಲಿನ ಚರ್ಮ ಅವಳ ಬೆರಳಿಗೆ ತಾಗುತ್ತಿತ್ತು. ಯಾರೂ ಎಳೆದಿರಲಿಲ್ಲ, ಯಾರೂ ಒತ್ತಿರಲಿಲ್ಲ. ಕೂಸು ಉಂಡಿತ್ತು, ಮಲಗಿತ್ತು, ನಕ್ಕಿತ್ತು. ಅಷ್ಟರಲ್ಲೇ ತಲೆ ಆ ಖಾಲಿ ಜಾಗಕ್ಕೆ ನಡೆದು ಬಂದಿತ್ತು.

"ರೇಖಾ! ಬಾ ಇಲ್ಲಿ! ಬೆರಳು ಹಾಕು!"

ರೇಖಾ ಹಿಟ್ಟಿನ ಕೈಯಲ್ಲೇ ಓಡಿಬಂದು, ಸೆರಗಿಗೆ ಒರೆಸಿಕೊಂಡು ಬೆರಳು ಹಾಕಿದಳು. ಅತ್ತೆಯ ಮುಖ ನೋಡಿದಳು. ನಡುವೆ ಕೂತ ಮೈತ್ರಿ ರೇಖಾಳ ಬಳೆ ಹಿಡಿದು ಬಾಯಿಗೆ ಎಳೆದುಕೊಳ್ಳುತ್ತಿದ್ದಳು.

ಬೆಂಗಳೂರಿನವರು ಒಳಗಿನ ಸ್ಪಂಜನ್ನು ಒಂದಷ್ಟು ತರಿದು ಮತ್ತೆ ಜಾಗ ಮಾಡಿಕೊಟ್ಟರು. ಕೆಲವು ವಾರಗಳಲ್ಲಿ ತಲೆ ಅದನ್ನೂ ತುಂಬಿತು. ಮಾಳಮ್ಮ ಅಡುಗೆ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿ, ಒಳಕೋಣೆಯಲ್ಲಿ ಮಲಗಿದ ಕೂಸಿನ ಕಡೆ ನೋಡುತ್ತಿದ್ದಳು. ಈಗಲೂ, ಈ ಗಳಿಗೆಯಲ್ಲೂ ಅದು ಬೆಳೆಯುತ್ತಿದೆ. ಸದ್ದಿಲ್ಲ. ತಾನು ಇಷ್ಟು ವರ್ಷ ಅಂಗೈಯಲ್ಲಿ ಹಿಡಿದ ಅಷ್ಟೂ ತಲೆಗಳು ಹೀಗೇ ಒಳಗಿಂದ ಬಂದವೇ? ತಾನು ಮಾಡಿದೆ ಎಂದುಕೊಂಡಿದ್ದನ್ನು ಅವು ತಾವೇ ಮಾಡಿಕೊಳ್ಳುತ್ತಿದ್ದವೇ? ಈ ಯೋಚನೆ ಬಂದಾಗ ಮೊದಲು ತನ್ನ ಕೈಯೇ ಸುಳ್ಳೆನಿಸಿತು. ಆಮೇಲೆ, ಅವಳಿಗೇ ಆಶ್ಚರ್ಯವಾಗುವಂತೆ, ಮನಸ್ಸು ಹಗುರಾಯಿತು. ತಾನಾಗಿ ಬೆಳೆಯುವ ಅಂಥದ್ದೊಂದು ಅಷ್ಟು ಸಲ ತನ್ನ ಕಾಲ ಮೇಲೆ ಮಲಗಿತ್ತಲ್ಲ!

ಅದೇ ದಿನಗಳಲ್ಲಿ ಮಸೀದಿ ಓಣಿಯ ಜುಬೇದಾ ಬೀ ಕರೆಕಳಿಸಿದಳು. ಅವಳ ಮಗಳು ಮುಸ್ಕಾನ್‌ಗೆ ಗಂಡು ಕೂಸಾಗಿತ್ತು. ಮಾಳಮ್ಮ ಹೋಗಿ ಎರೆದಳು, ಮೈಕೈ ನೀವಿದಳು, ಬಟ್ಟೆಯಲ್ಲಿ ಸುತ್ತಿ ಮುಸ್ಕಾನ್ ಕೈಗೆ ಕೊಟ್ಟಳು.

"ಏನ ಮಾಳಮ್ಮ, ತಲಿ ಒತ್ತೂದು ಮರ್ತಿಯೇನು?" ಎಂದಳು ಜುಬೇದಾ ಬೀ. ಅವಳ ನಾಲ್ಕೂ ಮಕ್ಕಳಿಗೆ ಎರೆದವಳು ಮಾಳಮ್ಮನೇ.

"ಮರೀಲಿಲ್ಲ. ಒತ್ತಂಗಿಲ್ಲ ಇನ್ನ."

"ಯಾಕ? ತಲಿ ದುಂಡಗ ಆಗೂದು ಬ್ಯಾಡೇನು?"

"ಆಗೂದು ಅದಕ್ಕ ಗೊತ್ತೈತಿ ಜುಬೇದಾ. ನಾವು ಅದಕ್ಕ ಅಡ್ಡ ಆಗಬಾರದು ಅಷ್ಟ." ಮಾಳಮ್ಮ ಮುಸ್ಕಾನ್ ಕಡೆ ತಿರುಗಿದಳು. "ಯವ್ವ, ಮಲಗಿಸೂವಾಗ ಬೆನ್ನಿನ ಮ್ಯಾಲೇ ಮಲಗಿಸು, ಆದ್ರ ಮುಖ ಇವತ್ತು ಈ ಕಡಿ, ನಾಳಿ ಆ ಕಡಿ. ಎಚ್ಚರ ಇದ್ದಾಗ ಎದುರಿಗೆ ಕುಂತು ಹೊಟ್ಟಿ ಮ್ಯಾಲ ಆಡಸು. ಒಂದ ಕಡಿ ತಿರುಗಾಕ ಹತ್ತಿದ್ರ ನನಗ ಹೇಳು, ಡಾಕ್ಟ್ರ ಕಡಿ ಹೋಗೂಣು."

ಮೈತ್ರಿಗೆ ವರ್ಷ ತುಂಬುವ ಸುಮಾರಿಗೆ ಹೆಲ್ಮೆಟ್ ತೆಗೆಯುವ ದಿನ ಬಂತು. ಹುಡುಗಿ ಮೊದಲಿನ ತಲೆಯನ್ನೂ ಈಗಿನ ತಲೆಯನ್ನೂ ಸ್ಕ್ರೀನಿನ ಮೇಲೆ ಒಂದರ ಮೇಲೊಂದು ಇಟ್ಟು ತೋರಿಸಿದಳು. ಬಲಗಡೆ ಹಿಂದೆ, ಚಂದ್ರನ ಕೋಡಿನಂತೆ ಒಂದು ಹೊಸ ಅಂಚು ಹೊರಗೆ ಬಂದಿತ್ತು. ಪೂರ್ತಿ ದುಂಡಗೆ ಆಗಿರಲಿಲ್ಲ. ಚೂರು ಚಪ್ಪಟೆ ಉಳಿದಿತ್ತು, ಕಿವಿಯೂ ಎಳ್ಳಷ್ಟು ಮುಂದಿತ್ತು. ಕೂದಲು ಬಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದಳು.

"ಗೊತ್ತಾದ್ರೂ ಆಗ್ಲಿ ಬಿಡವ್ವ," ಎಂದಳು ಮಾಳಮ್ಮ. ಅವಳ ಕಣ್ಣು ಆ ಕೋಡಿನ ಮೇಲೇ ಇತ್ತು.

ಮರುದಿನ ಮನೆಯಲ್ಲಿ ಮೈತ್ರಿ ಬರಿದಲೆಯಲ್ಲಿ ಅಂಬೆಗಾಲಿಕ್ಕುತ್ತ ಹೊರಟಳು. ಹೆಲ್ಮೆಟ್ ಇದ್ದಾಗ ಬಾಗಿಲು, ಗೋಡೆ ಯಾವುದಕ್ಕೂ ಅಂಜದೆ ಗುದ್ದುತ್ತಿದ್ದವಳು ಅದೇ ಧೈರ್ಯದಲ್ಲಿ ಮಂಚದ ಕಾಲಿಗೆ ಹೋಗಿ ಬಡಿದಳು. ಒಂದು ಕ್ಷಣ ಏನಾಯಿತೆಂದೇ ಅವಳಿಗೆ ತಿಳಿಯಲಿಲ್ಲ. ಆಮೇಲೆ ಬಾಯಿ ಅಗಲಿಸಿ ಅತ್ತಳು. ರೇಖಾ ಓಡಿಬಂದಳು, ಕ್ರಾಂತಿಕುಮಾರ್ ಎದ್ದ. ಅವರಿಗಿಂತ ಮೊದಲು ಮಾಳಮ್ಮ ನೆಲಕ್ಕೆ ಕೂತು ಕೂಸನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಹಣೆಯ ಮೇಲಂಚಿನಲ್ಲಿ, ಕೂದಲ ಬುಡಕ್ಕೆ, ಸಣ್ಣ ಬುಗುಟಿ ಎದ್ದಿತ್ತು.

ಅಳುತ್ತಳುತ್ತಲೇ ಮೈತ್ರಿ ತನ್ನ ಕೈ ಎತ್ತಿ ನೋವಾದಲ್ಲಿ ಇಟ್ಟುಕೊಂಡಳು. ಪ್ಲಾಸ್ಟಿಕ್ ಸಿಗಲಿಲ್ಲ. ಕೂದಲು ಸಿಕ್ಕಿತು. ಬೆರಳುಗಳು ಅಲ್ಲಿಂದ ಮೇಲಕ್ಕೆ, ನೆತ್ತಿಗೆ, ಹಿಂದಕ್ಕೆ ಹೋದವು. ಅಳು ನಿಂತಿತು. ಕಣ್ಣೀರು ತುಂಬಿದ ಕಣ್ಣನ್ನು ದೊಡ್ಡದು ಮಾಡಿಕೊಂಡು ಆ ಕೂಸು ತನ್ನ ತಲೆಯನ್ನು ತಾನೇ ಸವರಿ ನೋಡುತ್ತಿತ್ತು. ಮನೆಯವರೆಲ್ಲ ಅದನ್ನೇ ನೋಡುತ್ತಿದ್ದರು.