ಬಾಣಪ್ಪನ ಕೊನೇ ಸ್ಲೈಡು

ನೀರು ಪರೀಕ್ಷೆಯ ಲ್ಯಾಬಿನ ಮುಖ್ಯಸ್ಥನಿಗೆ ಬಾಣಪ್ಪ ಅಂತ ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಮೀಟಿಂಗಿನಲ್ಲಿ ಪರದೆ ಮೇಲೆ ತೋರಿಸುವ ಸ್ಲೈಡಿನಲ್ಲಿ ನೀರಿನ ವಿಷಯ ಇರಲಿ ಬಿಡಲಿ, ಬಾಣ ಇರಲೇಬೇಕು. ಒಂದು ಎಡದಿಂದ ಹಾರಿ ಬರಬೇಕು, ಇನ್ನೊಂದು ಗಿರಗಿರ ತಿರುಗಿ ನಿಲ್ಲಬೇಕು. ನೀರಿಗೆ ಕ್ಲೋರಿನ್ ಎಷ್ಟು ಹಾಕಬೇಕು ಅಂತ ಕೇಳಿ ನೋಡಿ, ಇಂಗು ತಿಂದ ಮಂಗನ ಮುಖ.

ಆ ಬಾಣಗಳನ್ನೆಲ್ಲ ಕೂರಿಸುತ್ತಿದ್ದವಳು ಲ್ಯಾಬಿನ ಕೆಮಿಸ್ಟ್. ಹನ್ನೊಂದು ವರ್ಷದಿಂದ ಬೆಳಿಗ್ಗೆ ಸ್ಯಾಂಪಲ್ ಪರೀಕ್ಷೆ, ಊಟವಾದ ಮೇಲೆ ಮೂಲೆಯ ಕಂಪ್ಯೂಟರಿನಲ್ಲಿ ಈ ಮಹಾಶಯನಿಗೆ ಸ್ಲೈಡು ಮಾಡಿಕೊಡುವ ಕೆಲಸ. ಆ ಕೋಣೆಗೆ ಇದ್ದದ್ದು ಅದೊಂದೇ ಕಂಪ್ಯೂಟರ್. ಫೋಲ್ಡರಿನೊಳಗೆ ಫೋಲ್ಡರ್ ತೆರೆಯುವಷ್ಟರಲ್ಲಿ ಬಾಣಪ್ಪ ಬೆವರುತ್ತಿದ್ದ. ಹಾಗಾಗಿ ಅವಳು ಪರದೆಯ ನಟ್ಟನಡುವೆ ಒಂದು ಶಾರ್ಟ್‌ಕಟ್ ಇಟ್ಟುಬಿಡುತ್ತಿದ್ದಳು. ಒತ್ತಿದರೆ ಫೈಲು ತೆರೆಯುತ್ತದೆ. ಅದು ಫೈಲಿಗೆ ದಾರಿ ಅಷ್ಟೇ, ಆದರೆ ಅದೇ ಫೈಲು ಅಂತ ಅವನು ಇಷ್ಟು ವರ್ಷ ನಂಬಿಕೊಂಡಿದ್ದ. ಅದರ ಮೂಲೆಯಲ್ಲಿ ಪುಟ್ಟ ಬಾಣವೊಂದು ಇರುತ್ತದಲ್ಲ, ಬಾಣದ ಮೇಲೆ ಅಷ್ಟು ಪ್ರೀತಿ ಇದ್ದವನಿಗೆ ಅದೊಂದು ಮಾತ್ರ ಕಣ್ಣಿಗೆ ಬೀಳಲಿಲ್ಲ.

ಈಗ ಹೊಸ ಲ್ಯಾಬು ಬರುವುದಿತ್ತು, ಮೂರು ಪಟ್ಟು ದೊಡ್ಡದು. ಅದರ ಮುಖ್ಯಸ್ಥರ ಹುದ್ದೆಗೆ ಅವಳೂ ಅರ್ಜಿ ಹಾಕಿದ್ದಳು, ಬಾಣಪ್ಪನೂ ಹಾಕಿದ್ದ. ಕೇಂದ್ರ ಕಚೇರಿಯ ನಿರ್ದೇಶಕಿಯ ಮುಂದೆ ಹೊಸ ಲ್ಯಾಬಿನ ಯೋಜನೆ ವಿವರಿಸುವ ದಿನವೇ ತೀರ್ಮಾನ. ಇಪ್ಪತ್ತೆರಡು ಸ್ಲೈಡು ಅವಳದ್ದು, ಲೆಕ್ಕ ಅವಳದ್ದು, ನಕ್ಷೆ ಅವಳದ್ದು. ಕೊನೆಯದರಲ್ಲಿ ‘ತಯಾರಿಸಿದವರು’ ಅಂತ ತನ್ನ ಹೆಸರು ಹಾಕಿದ್ದಳು.

"ಇದ್ಯಾಕಮ್ಮ ಇಲ್ಲಿ?" ಅಂದ ಬಾಣಪ್ಪ. "ತೆಗೆದು ಧನ್ಯವಾದ ಅಂತ ಹಾಕು. ಪಕ್ಕದಲ್ಲೊಂದು ಬಾಣ ಇರ್ಲಿ. ನಾಳೆ ಕೇಂದ್ರ ಕಚೇರಿಗೆ ನೀನು ಬರೋದು ಬೇಡ, ನಾನೊಬ್ಬನೇ ನೋಡ್ಕೋತೀನಿ."

ಮನೆಯಲ್ಲಿ ಅತ್ತೆಗೆ ಹೇಳಿದಳು. ಅತ್ತೆ ಬಟ್ಟೆ ಮಡಚುತ್ತಲೇ ಅಂದರು, "ಅಳಬೇಡ ಕಣೇ. ಎಲ್ಲಾನೂ ಕೈಗೇ ಕೊಟ್ಟು ಕೊಟ್ಟು ಅವನನ್ನ ಕೆಡಿಸಿದ್ದು ಯಾರು? ನೀನೇ ಅಲ್ವಾ?"

ಮಾರನೇ ಬೆಳಿಗ್ಗೆ ಬಾಣಪ್ಪ ಶಾರ್ಟ್‌ಕಟ್ಟನ್ನು ಎಳೆದು ಪೆನ್‌ಡ್ರೈವಿಗೆ ಹಾಕಿಕೊಂಡ. ಅವಳು ನೋಡಿದಳು.

"ಸಾರ್, ಅದು ಫೈಲಲ್ಲ..."

"ಕಾಪಿ ಮಾಡೋದನ್ನ ನನಗೇ ಹೇಳಿಕೊಡ್ತೀಯಾ?"

ಹೋಗಿ ಬಾ ಮಹಾರಾಯ ಅಂದುಕೊಂಡು ಅವಳು ಸ್ಯಾಂಪಲ್ ಬಾಟಲಿಗಳ ಕಡೆ ತಿರುಗಿದಳು.

ಹನ್ನೊಂದಕ್ಕೆ ಫೋನು ಬಂತು. ಪಿಸುಮಾತು. "ಎಷ್ಟು ಒತ್ತಿದ್ರೂ ತೆರೀತಿಲ್ಲ! ಎಲ್ಲರೂ ಕೂತಿದಾರೆ. ಬೇಗ ಮೇಲ್ ಮಾಡಮ್ಮ."

"ಮೇಲಲ್ಲಿ ಹೋಗಲ್ಲ ಸಾರ್, ನಿಮ್ಮ ಬಾಣಗಳ ಭಾರ. ನಾನೇ ಇಲ್ಲಿಂದ ವಿಡಿಯೋ ಕಾಲಲ್ಲಿ ಪರದೆ ಹಂಚ್ಕೊಳ್ತೀನಿ, ನೀವು ಮಾತಾಡಿ."

ಭಾರವೂ ಇಲ್ಲ, ಮಣ್ಣೂ ಇಲ್ಲ. ಕೊನೆಯ ಸ್ಲೈಡಿನಲ್ಲಿ ಧನ್ಯವಾದ ಅಳಿಸಿ, ತನ್ನ ಹೆಸರು ವಾಪಸ್ ಹಾಕಿ, ಆಮೇಲೆ ಪರದೆ ಹಂಚಿಕೊಂಡಳು.

ಬಾಣಪ್ಪ "ಮುಂದೆ, ಮುಂದೆ" ಅನ್ನುತ್ತಾ ಹೋದ. ಒಂಬತ್ತನೇ ಸ್ಲೈಡಿಗೆ ನಿರ್ದೇಶಕಿ ತಡೆದರು. "ಸ್ಯಾಂಪಲ್ ತೆಗೆದ ಆರು ಗಂಟೆಯೊಳಗೆ ಲ್ಯಾಬಿಗೆ ಬರಬೇಕು ಅಂತಿದೆಯಲ್ಲ, ಯಾಕೆ?" ಬಾಣಪ್ಪ ಕೆಮ್ಮಿದ. ನೀರು ಕುಡಿದ. ಕೊನೆಗೆ ಸ್ಪೀಕರಿನಿಂದ ಅವಳೇ ಹೇಳಿದಳು, "ತಡವಾದ್ರೆ ಬಾಟಲಿಯೊಳಗೇ ಬ್ಯಾಕ್ಟೀರಿಯಾ ಹೆಚ್ಚೋದೋ ಸಾಯೋದೋ ಆಗುತ್ತೆ ಮೇಡಂ. ಊರಿನ ನೀರು ಹೇಗಿದೆ ಅಂತ ಗೊತ್ತಾಗಲ್ಲ." ಅಲ್ಲಿಂದ ಮುಂದೆ ನಿರ್ದೇಶಕಿ ಬಾಣಪ್ಪನ ಕಡೆ ನೋಡಲೇ ಇಲ್ಲ, ಪ್ರಶ್ನೆಗಳೆಲ್ಲ ಸ್ಪೀಕರಿಗೆ. ಕೊನೆಯ ಸ್ಲೈಡಿನಲ್ಲಿ ಅವಳ ಹೆಸರು ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ಆಸೆಯಾಯಿತು, ಹುದ್ದೆ ತನಗೇ ಸಿಗಬಹುದು ಅಂತ.

"ಭೇಷ್!" ಅಂದರು ನಿರ್ದೇಶಕಿ. "ಇಷ್ಟು ಚೆನ್ನಾಗಿ ಸ್ಲೈಡು ಮಾಡೋರು ನಮ್ಮಲ್ಲಿ ಇನ್ಯಾರಿದಾರೆ? ಇವರನ್ನ ಆ ಕಂಪ್ಯೂಟರ್ ಬಿಟ್ಟು ಕದಲಿಸಬೇಡಿ. ಇನ್ಮೇಲೆ ನಮ್ಮ ಕಚೇರಿ ಸ್ಲೈಡುಗಳನ್ನೂ ಇವರೇ ಮಾಡ್ಲಿ." ಆಮೇಲೆ ಬಾಣಪ್ಪನ ಕಡೆ ತಿರುಗಿ, "ಇಂಥವರನ್ನ ತಯಾರು ಮಾಡಿದೀರಲ್ಲ, ದೊಡ್ಡ ವಿಷಯ ರೀ. ಹೊಸ ಲ್ಯಾಬು ನೀವೇ ವಹಿಸ್ಕೊಳ್ಳಿ."

ಅವಳು ಸಂಪರ್ಕ ಕಡಿದಳು. ಅವಳ ಮೂಗಿಗೆ ತುಪ್ಪ, ಅವನ ಕೈಗೆ ಲ್ಯಾಬು. ಬಾಣಪ್ಪನ ಮೇಲೆ ಹೇಸಿಗೆ ಹೊಸದೇನಲ್ಲ, ಇವತ್ತು ತನ್ನ ಮೇಲೇ ಆಯಿತು. ಮೂಲೆಯಲ್ಲಿ ಕೂತು, ಕತ್ತೆಗೆ ಕುದುರೆಯ ಜೀನು ಹೊಲಿದುಕೊಟ್ಟವಳು ತಾನೇ ಅಲ್ಲವೇ? ಎದ್ದು ಹೋಗುವ ಮೊದಲು ಪರದೆಯ ಮೇಲಿನ ಶಾರ್ಟ್‌ಕಟ್‌ಗಳನ್ನೆಲ್ಲ ಅಳಿಸಿದಳು. ಫೈಲುಗಳು ಇದ್ದಲ್ಲೇ ಇದ್ದವು.

ಬೆಳಿಗ್ಗೆ ಬಾಣಪ್ಪ ಖಾಲಿ ಪರದೆ ನೋಡಿ ಚೀರಿದ, "ಫೈಲೆಲ್ಲಾ ಎಲ್ಲಿ ಹೋದ್ವಮ್ಮ?"

"ಕಂಪ್ಯೂಟರಲ್ಲೇ ಇವೆ ಸಾರ್, ಹುಡುಕಿ." ಅವಳು ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ನಿರ್ದೇಶಕಿಯದೇ ಫೋನು. ಸೋಮವಾರಕ್ಕೆ ನಲವತ್ತು ಸ್ಲೈಡು ಬೇಕಂತೆ, ಅವಳೇ ಮಾಡಬೇಕಂತೆ.

"ನಾನು ಕೆಮಿಸ್ಟು ಮೇಡಂ," ಅಂದಳು ಅವಳು, ಕೋಣೆಗೆಲ್ಲ ಕೇಳುವ ಹಾಗೆ. "ನನ್ನನ್ನ ತಯಾರು ಮಾಡಿದ ಗುರುಗಳು ಇಲ್ಲೇ ಕಂಪ್ಯೂಟರ್ ಮುಂದೆ ಕೂತಿದಾರೆ. ಅವರಿಗೇ ಕೊಡ್ತೀನಿ, ಮಾತಾಡಿ."